ಕಳೇಬರದ ಬಳಿಯಲ್ಲಿ ಊರು: ದುರಂತ ಚಲಚ್ಚಿತ್ರಗಳಲ್ಲಿ ಸಮುದಾಯ, ಶ್ರದ್ಧೆ ಮತ್ತು ಒಡಕು



ಚಲಚ್ಚಿತ್ರವನ್ನು ಕುರಿತ ಉಪನ್ಯಾಸಕ್ಕೂ ರನ್ನನ ಊರಾದ ಈ ಮುಧೋಳಕ್ಕೂ ಎತ್ತಣ ನಂಟೆಂದು ತಮ್ಮಲ್ಲಿ ಕೆಲವರಿಗಾದರೂ ಸಂದೇಹ ಬಂದಿರಬಹುದು. ನನಗಾದರೋ, ದುರಂತವೆಂಬ ವಿಷಯವನ್ನು ಎತ್ತಿಕೊಂಡ ಬಳಿಕ ಮಾತಿಗೆ ತೊಡಗಲು ಬೇರೊಂದು ಊರು ಹೊಳೆಯಲೇ ಇಲ್ಲ. ೯೪೯ರಲ್ಲಿ ಇಲ್ಲಿಯ ಬಳೆಗಾರರ ಮನೆಯೊಂದರಲ್ಲಿ ಜನಿಸಿ, ಚಾಳುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿಕೊಂಡ ರನ್ನನು, ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮಸೇನನೊಡನೆ ಒಂದಾಗಿಸಿ ಹೊಗಳಬೇಕೆಂಬ ಸಂಕಲ್ಪದಿಂದ ‘ಸಾಹಸಭೀಮವಿಜಯ’ಕ್ಕೆ ಕೈಯಿಕ್ಕಿದನೆಂಬುದೂ, ಗೆದ್ದವನ ಕೀರ್ತಿಗೆಂದು ಹೊರಟ ಆ ಕಾವ್ಯವು ಸೋತವನ ಶೋಕದಲ್ಲಿ ಹೋಗಿ ನೆಲೆಗೊಂಡಿತೆಂಬುದೂ ತಮಗೆ ಹೊಸ ಸಂಗತಿಗಳಲ್ಲ. ಆದರೆ ಅದರಲ್ಲಿ ಒಂದು ಪ್ರಸಂಗವನ್ನು ಮಾತ್ರ, ಮುಂದೆ ಹೇಳತಕ್ಕ ಮಾತಿಗೆಲ್ಲ ಅದೇ ಆಧಾರವಾಗಿರುವುದರಿಂದ, ಇಲ್ಲಿ ನೆನೆಯಬೇಕಾಗಿದೆ.

ತಮ್ಮಂದಿರೆಲ್ಲ ಮಡಿದ ಮೇಲೆ ದುರ್ಯೋಧನನು ಸಂಜಯನೊಡನೆ ಶರಶಯ್ಯೆಯ ಭೀಷ್ಮರನ್ನು ಕಾಣಲು ಹೊರಡುತ್ತಾನೆ. ದಾರಿಯೆಂಬುದಿಲ್ಲ, ಹೆಣಗಳ ನಡುವೆ, ನೆತ್ತರಿನ ಕೆಸರಿನಲ್ಲಿ, ಮರುಳುಗಳ ಅಣಕವನ್ನು ಕೇಳುತ್ತ ನಡೆಯಬೇಕು. ದ್ರೋಣರ ಹೆಣ ಕಾಣುತ್ತದೆ. ಮಗ ಲಕ್ಷಣಕುಮಾರನದು, ತಮ್ಮ ದುಶ್ಶಾಸನನದು, ಕೆಳೆಯ ಕರ್ಣನದು ಕಾಣುತ್ತದೆ. ಇವರೆಲ್ಲ ಅವನವರು, ಇವರಿಗಾಗಿ ಅವನು ಅಳುವುದು ಸಹಜ. ಆದರೆ ಅದೇ ಕಳದಲ್ಲಿ ಅಭಿಮನ್ಯುವಿನ ಹೆಣವೂ ಇದೆ: ಹಗೆಯ ಮಗ, ತನ್ನ ಮಗನನ್ನು ಕೊಂದವನು, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಮುಂದೆ ಈ ಹಠಮಾರಿ ನಿಂತು, ಕೈಮುಗಿದು, ಆ ಸಾಹಸದ ಒಂದಂಶವಾದರೂ ಉಳ್ಳ ಮರಣವು ತನಗೆ ಒದಗಲೆಂದು ಬೇಡಿಕೊಳ್ಳುತ್ತಾನೆ. ಹತ್ತು ಆಶ್ವಾಸಗಳ ಆ ಕಾವ್ಯದಲ್ಲಿ ಗದೆಗಳ ಸದ್ದು ಬೇಕಾದಷ್ಟಿದೆ. ನನ್ನ ಮಟ್ಟಿಗೆ ಕಾವ್ಯದ ಉಸಿರು ಇರುವುದು ಈ ನಿಲುಗಡೆಯಲ್ಲಿ.

ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ರುದ್ರನಾಟಕವನ್ನು ತರಹೊರಟಾಗ ಮೊದಲು ರನ್ನನ ಬಾಗಿಲನ್ನೇ ತಟ್ಟಿದರು. ೧೯೨೬ರಲ್ಲಿ ‘ಗದಾಯುದ್ಧ ನಾಟಕಂ’ ಬಂದಿತು. ಅನಂತರ ೧೯೨೯ರಲ್ಲಿ ಸೊಫೋಕ್ಲೀಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿದ ‘ಅಶ್ವತ್ಥಾಮನ್’, ೧೯೩೫ರಲ್ಲಿ ಈಸ್ಕಿಲಸನಿಂದ ‘ಪಾರಸಿಕರು’ ಬಂದವು. ಈ ಮೂರನ್ನೂ ಅವರು ಆರಿಸಿಕೊಂಡದ್ದು ಆಕಸ್ಮಿಕವೆಂದು ನಾನು ಬಹುಕಾಲದಿಂದ ನಂಬಿಲ್ಲ. ‘ಅಜಾಕ್ಸ್’ ನಾಟಕದ ಉತ್ತರಾರ್ಧವೆಲ್ಲ ಒಂದು ಹೆಣದ ಜಗಳ: ಸೇನೆಗೆ ದ್ರೋಹ ಬಗೆದು ಸತ್ತವನಿಗೆ ಮಣ್ಣು ಕೊಡಬೇಕೋ ನಾಯಿನರಿಗಳಿಗೆ ಎಸೆಯಬೇಕೋ ಎಂಬ ಜಗಳ, ಅಲ್ಲಿ ಮಣ್ಣು ಕೊಡಿರೆಂದು ವಾದಿಸಿ ಗೆಲ್ಲುವವನು ಸತ್ತವನ ಬದ್ಧವೈರಿಯಾದ ಒಡಿಸಿಯಸ್. ಇನ್ನು ‘ಪಾರಸಿಕರು’ ಆಡಲ್ಪಟ್ಟದ್ದು ಸಲಾಮಿಸ್ ಕಾಳಗ ಮುಗಿದು ಎಂಟು ವರುಷಗಳಾದ ಮೇಲೆ, ಆ ಕಾಳಗದಲ್ಲಿ ಗೆದ್ದ ಆಥೆನ್ಸ್ ನಗರದಲ್ಲಿಯೇ. ಪಾರಸಿಕರೊಡನೆ ಕಾದಾಡಿದವರು ಸಾಲಾಗಿ ಕುಳಿತು ಪಾರಸಿಕರ ರಾಜಮಾತೆಯ ಅಳುವನ್ನು ನೋಡಿದರು. ರನ್ನ, ಸೊಫೋಕ್ಲೀಸ್, ಈಸ್ಕಿಲಸ್ ಈ ಮೂವರೂ ಒಂದೇ ಪರೀಕ್ಷೆಯನ್ನು ತಮ್ಮ ಕಲೆಗೆ ಒಡ್ಡಿಕೊಂಡಿದ್ದಾರೆ: ಶೋಕವು ಗೆರೆಯನ್ನು ದಾಟಬಲ್ಲುದೆ?

ಈ ಪರೀಕ್ಷೆಯನ್ನೇ ನಮ್ಮ ಚಲಚ್ಚಿತ್ರಗಳಿಗೂ ಒಡ್ಡಬೇಕೆಂಬುದು ನನ್ನ ಇಂದಿನ ಉದ್ದೇಶ. ದುರಂತವನ್ನು ತೋರಿಸುತ್ತೇವೆಂದು ಹೇಳಿಕೊಳ್ಳುವ ಚಿತ್ರ ಯಾವುದೇ ಇರಲಿ, ಅದರಲ್ಲಿ ಎಷ್ಟು ಮಂದಿ ಸತ್ತರೆಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಹೆಣದ ಬಳಿಗೆ ಯಾರು ಬಂದರು, ಯಾರು ಬರಲಿಲ್ಲ, ಬಾರದವರು ಯಾವ ದೇವರ ಹೆಸರನ್ನು ಹೇಳಿ ಹಿಂದೆ ಉಳಿದರು, ಇಷ್ಟನ್ನು ನೋಡಿದರೆ ಆ ಚಿತ್ರವು ಊರೆಂಬುದನ್ನು ಎಷ್ಟು ಬಲ್ಲದೆಂಬುದು ತಿಳಿದುಬರುತ್ತದೆ. ಇತ್ತೀಚೆಗೆ ದುರಂತವೆಂಬ ಹೆಸರಿನಲ್ಲಿ, ಒಂದು ಕಡೆಯ ಹೆಣಗಳಿಗೆ ಪಿಟೀಲು ನುಡಿಸಿ ಇನ್ನೊಂದು ಕಡೆಯ ಹೆಣಗಳಿಗೆ ನಗಾರಿ ಬಾರಿಸುವ ಚಿತ್ರಗಳು ಹೇರಳವಾಗಿ ಬರುತ್ತಿವೆ. ಅವುಗಳ ಹೆಸರನ್ನು ಈ ವೇದಿಕೆಯ ಮೇಲೆ ಎತ್ತುವ ಅಗತ್ಯವನ್ನು ನಾನು ಕಾಣೆ.

ಈ ಸೀಮೆಯ ಜನರಿಗೆ ದುರಂತದ ಪರಿಚಯ ಚಿತ್ರಮಂದಿರದಿಂದ ಆದುದಲ್ಲ. ನಮ್ಮ ಜಿಲ್ಲೆಯವರೇ ಆದ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಕಂಪನಿಯ ರಂಗದ ಮೇಲೆ ಕಂಡು, ಮಲಗಿದ್ದ ಎಳೆಯರನ್ನು ಕೊಂದ ಅಶ್ವತ್ಥಾಮನಿಗೆ ಶಾಪ ಹಾಕುತ್ತ ಮನೆಗೆ ಹೋದವರು ಇಲ್ಲಿಯ ಹಳೆಯ ತಲೆಗಳಲ್ಲಿ ಇನ್ನೂ ಇದ್ದಾರೆ, ಗೆಳೆತನ ಕೊಲೆಗೆ ತಿರುಗುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಬೆಳಗಿನ ಜಾವದವರೆಗೆ ಎಚ್ಚರವಿದ್ದು ನೋಡಿದವರು ಇದ್ದಾರೆ. ಆದರೆ ರಂಗಭೂಮಿಗೆ ಒಂದು ಮಿತಿಯುಂಟು. ಅಲ್ಲಿ ನಾಯಕನ ಮುಖವೇ ಮುಖ; ಊರೆಂಬುದು ಹಿಮ್ಮೇಳದ ಧ್ವನಿಯಾಗಿ, ಇಲ್ಲವೆ ಭಾಲದಾರರ ಸಾಲಾಗಿ ನಿಂತುಬಿಡುತ್ತದೆ. ಕ್ಯಾಮೆರಾ ಜಗಲಿಯಿಂದ ಜಗಲಿಗೆ ಹೋಗಿ, ಕದದ ಸಂದಿನಲ್ಲಿ ಇಣುಕುತ್ತಿರುವವಳ ಅರ್ಧ ಮುಖವನ್ನೂ ಹಿಡಿಯಬಲ್ಲುದಾದ್ದರಿಂದ, ಊರನ್ನು ದುರಂತದ ಪಾತ್ರವನ್ನಾಗಿ ಮಾಡುವ ಶಕ್ತಿ ಅದಕ್ಕೆ ಹೆಚ್ಚಾಗಿದೆ. ಹೊಣೆಯೂ ಅಷ್ಟೇ ಹೆಚ್ಚಿನದು.

ಆ ಶಕ್ತಿಯನ್ನು ಕನ್ನಡದಲ್ಲಿ ಮೊದಲು ಪೂರ್ಣವಾಗಿ ಬಳಸಿಕೊಂಡ ಚಿತ್ರ ೧೯೭೦ರ ‘ಸಂಸ್ಕಾರ’ವೆಂದು ಹೇಳಿದರೆ ತಪ್ಪಾಗಲಾರದು. ಯು.ಆರ್. ಅನಂತಮೂರ್ತಿಯವರ ೧೯೬೫ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರಕ್ಕೆ ಅಳವಡಿಸಿದರು. ಆಸ್ಟ್ರೇಲಿಯದ ಟಾಮ್ ಕೋವನ್ ಛಾಯಾಗ್ರಾಹಕರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರು, ಸ್ನೇಹಲತಾ ರೆಡ್ಡಿಯವರು ಚಂದ್ರಿ, ಲಂಕೇಶರು ನಾರಣಪ್ಪ. ರಾಯಚೂರು ಸೀಮೆಯ ಸರೋದ್ ವಾದಕ ರಾಜೀವ ತಾರಾನಾಥರದು ಸಂಗೀತ. ಜಾತಿ ಜಾತಿಗಳ ನಡುವೆ ಕಲಹವೇಳುವುದೆಂದು ಹೆದರಿ ಮದರಾಸಿನ ಸೆನ್ಸಾರ್ ಮಂಡಲಿಯು ಪ್ರಮಾಣಪತ್ರವನ್ನು ನಿರಾಕರಿಸಿತು. ಆಮೇಲೆ ಬಿಡುಗಡೆ ಹೊಂದಿ, ಕನ್ನಡಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಮೊತ್ತಮೊದಲು ತಂದುಕೊಟ್ಟದ್ದೂ ಅದೇ ಚಿತ್ರ.

ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಚಾರಗೆಟ್ಟ ಬ್ರಾಹ್ಮಣನೊಬ್ಬನು ಪ್ಲೇಗಿನಿಂದ ಸತ್ತಿದ್ದಾನೆ. ಅವನ ಹೆಣಕ್ಕೆ ಬೆಂಕಿಯಿಡುವವರಾರೆಂಬುದು ತೀರ್ಮಾನವಾಗದೆ ಅಗ್ರಹಾರದಲ್ಲಿ ಒಲೆ ಉರಿಯುವಂತಿಲ್ಲ. ಅವನೊಡನೆ ಬಾಳಿದ ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ದಹನದ ಖರ್ಚಿಗೆಂದು ಮುಂದಿಟ್ಟ ಕ್ಷಣದಲ್ಲಿ ಆ ಅಗ್ರಹಾರದ ಮುಖಗಳು ಬದಲಾಗುವುದನ್ನು ನೋಡಬೇಕು: ಅದುವರೆಗೆ ಆ ಹೆಣವನ್ನು ಮುಟ್ಟಬಾರದೆಂಬುದಕ್ಕೆ ಶಾಸ್ತ್ರವನ್ನು ಹುಡುಕುತ್ತಿದ್ದವರು, ಆ ಬಳಿಕ ತಾವೇ ಮುಟ್ಟಬಹುದೆಂಬುದಕ್ಕೆ ಶಾಸ್ತ್ರವನ್ನು ಹುಡುಕತೊಡಗುತ್ತಾರೆ. ಹಾಗೆಂದು ಚಿತ್ರವು ಶ್ರದ್ಧೆಯನ್ನು ಹಾಸ್ಯ ಮಾಡುತ್ತದೆಯೆಂದು ತಿಳಿಯಬಾರದು. ಗ್ರಂಥಗಳಲ್ಲಿ ಉತ್ತರ ದೊರೆಯದೆ ಆಚಾರ್ಯರು ಮಾರುತಿಯ ಗುಡಿಗೆ ಹೋಗಿ, ಬಲದ ಹೂವು ಬಿದ್ದರೆ ಒಂದು, ಎಡದ್ದು ಬಿದ್ದರೆ ಇನ್ನೊಂದೆಂದು ಪ್ರಸಾದ ಕೇಳುತ್ತ ಕುಳಿತಿರುತ್ತಾರಲ್ಲ, ದೇವರ ಹೂ ಕೇಳುವ ವಾಡಿಕೆಯನ್ನು ಚಿಕ್ಕಂದಿನಿಂದ ಕಂಡಿರುವ ನಮ್ಮವರಿಗೆ ಆ ಕಾಯುವಿಕೆಯ ಸಂಕಟ ಎಂಥದೆಂದು ಯಾರೂ ವಿವರಿಸಬೇಕಾಗಿಲ್ಲ. ಹೂ ಬೀಳುವುದಿಲ್ಲ. ಕಡೆಗೆ ಆ ಬ್ರಾಹ್ಮಣನ ಹೆಣವನ್ನು ರಾತ್ರೋರಾತ್ರಿ ಸಾಗಿಸಿ ಸುಡುವವನು ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿ. ಅವನು ಶಾಸ್ತ್ರವನ್ನು ಓದಿದವನಲ್ಲ, ಚಂದ್ರಿಯ ಅಳುವನ್ನು ಕೇಳಿದವನು. ರನ್ನನ ಪರೀಕ್ಷೆಯಲ್ಲಿ ಗೆದ್ದವನು ಅಲ್ಲಿ ಅವನೊಬ್ಬನೇ.

ಆದರೂ ‘ಸಂಸ್ಕಾರ’ದ ಮೇಲೆ ನನ್ನದೊಂದು ಆಕ್ಷೇಪವುಂಟು, ಐವತ್ತು ವರುಷಗಳಿಗೂ ಮೇಲ್ಪಟ್ಟು ಪೂಜೆಗೊಳ್ಳುತ್ತಿರುವ ಕೃತಿಯಾದ್ದರಿಂದ ಅದನ್ನು ಹೇಳುವುದಕ್ಕೆ ಅಂಜಬೇಕಾಗಿಲ್ಲ. ಅದೇ ಕಥೆಯಲ್ಲಿ, ಅದೇ ಪ್ಲೇಗಿನಿಂದ, ಹೊಲೆಗೇರಿಯಲ್ಲಿಯೂ ಜನ ಸಾಯುತ್ತಾರೆ; ಅವರ ಗುಡಿಸಲುಗಳಿಗೆ ಹೆಣಸಹಿತ ಬೆಂಕಿಯಿಡಲಾಗುತ್ತದೆ. ಅಗ್ರಹಾರದ ಒಂದು ಹೆಣಕ್ಕೆ ಅಷ್ಟು ಧರ್ಮಜಿಜ್ಞಾಸೆ ನಡೆಯುತ್ತಿರುವಾಗ ಕೇರಿಯ ಹೆಣಗಳಿಗೆ ಒಂದು ಪ್ರಶ್ನೆಯೂ ಏಳುವುದಿಲ್ಲ. ಇದು ಆ ಅಗ್ರಹಾರದ ಕುರುಡೆಂದು ತೋರಿಸುವುದೇ ಲೇಖಕರ ಆಶಯವಾಗಿದ್ದಿರಬಹುದು. ಆದರೆ ಕಥೆಯ ಕಣ್ಣೂ ಆಚಾರ್ಯರ ಬೆನ್ನುಹತ್ತಿಯೇ ಹೋಗುವುದರಿಂದ, ಆ ಕುರುಡಿನಲ್ಲಿ ನೋಡುವ ನಮಗೂ ಒಂದು ಪಾಲು ಬಂದುಬಿಡುತ್ತದೆ.

ಆ ಪಾಲನ್ನು ತೀರಿಸಿದ ಚಿತ್ರವೆಂದರೆ ೧೯೭೫ರ ‘ಚೋಮನ ದುಡಿ’. ಶಿವರಾಮ ಕಾರಂತರು ೧೯೩೩ರಲ್ಲಿಯೇ ಬರೆದಿದ್ದ ಕಾದಂಬರಿಯನ್ನು ಬಿ.ವಿ. ಕಾರಂತರು ನಿರ್ದೇಶಿಸಿದರು, ಚೋಮನಾದವರು ಎಂ.ವಿ. ವಾಸುದೇವರಾಯರು. ಎರಡು ಎತ್ತುಗಳಿದ್ದರೂ ಜಾತಿಯ ಕಾರಣದಿಂದ ಬೇಸಾಯಕ್ಕೆ ಅಂಗೈಯಗಲ ನೆಲ ಸಿಕ್ಕದ ಮನುಷ್ಯನ ಕಥೆಯದು. ಅಲ್ಲಿಯ ಹೊಳೆಯ ದೃಶ್ಯವನ್ನು ತಾವು ಕೃಷ್ಣಾ, ಘಟಪ್ರಭೆಗಳ ದಡದವರಾದ್ದರಿಂದ ವಿಶೇಷವಾಗಿ ನೋಡಬೇಕು. ಚೋಮನ ಮಗ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಈಜು ಬಲ್ಲವರಿದ್ದಾರೆ. ಒಬ್ಬ ಎಳೆಯನ ಮೈಯೇನೋ ಮುಂದಕ್ಕೆ ಬಾಗುತ್ತದೆ, ಆದರೆ ಹುಡುಗ ಹೊಲೆಯರವನೆಂಬ ಮಾತು ಅವನನ್ನು ತಡೆಯುತ್ತದೆ. ಊರಿನ ಒಡಕನ್ನು ತೋರಿಸಲು ಬಡಿಗೆಗಳು, ಪಂಜುಗಳು, ಕೂಗಾಟ ಬೇಕೆಂದು ತಿಳಿದಿರುವ ನಿರ್ದೇಶಕರು ಈ ದೃಶ್ಯವನ್ನು ಅಭ್ಯಾಸ ಮಾಡಬೇಕು. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಚಾಚಬೇಕಾದ ಕೈ ಚಾಚದಿರುವುದರಲ್ಲಿಯೇ ಕೊಲೆ ನಡೆದುಹೋಗುತ್ತದೆ.

ಚೋಮನ ಶ್ರದ್ಧೆಯನ್ನು ಚಿತ್ರಿಸಿರುವ ರೀತಿಯೂ ಅಷ್ಟೇ ಗಹನವಾದುದು. ಪಾದ್ರಿಗಳ ಕಡೆಗೆ ಹೋದರೆ ನೆಲ ಸಿಕ್ಕುತ್ತದೆ. ಒಬ್ಬ ಮಗ ಆಗಲೇ ಆ ದಾರಿ ಹಿಡಿದಿದ್ದಾನೆ. ಚೋಮನೂ ಹೊರಡುತ್ತಾನೆ, ಆದರೆ ತನ್ನ ಪಂಜುರ್ಲಿಯನ್ನು ಬಿಟ್ಟುಹೋಗಲಾರದೆ ಹಿಂದಿರುಗುತ್ತಾನೆ. ಯಾವ ಊರು ಅವನಿಗೆ ನೆಲವನ್ನು ಕೊಡಲಿಲ್ಲವೋ ಆ ಊರಿನ ದೈವ ಅವನನ್ನು ಬಿಡುವುದಿಲ್ಲ. ಇದನ್ನು ಮೌಢ್ಯವೆಂದು ಕರೆದು ಕೈತೊಳೆದುಕೊಳ್ಳುವ ವಿಮರ್ಶಕರನ್ನೂ ಕಂಡಿದ್ದೇನೆ, ಧರ್ಮನಿಷ್ಠೆಯೆಂದು ಕೊಂಡಾಡುವವರನ್ನೂ ಕಂಡಿದ್ದೇನೆ. ಚಿತ್ರವು ಇಬ್ಬರಿಗೂ ಸಿಕ್ಕದೆ, ದುಡಿಯ ಬಡಿತದ ಹಿಂದೆ ಆ ಮನುಷ್ಯನನ್ನು ಒಬ್ಬನನ್ನೇ ಬಿಟ್ಟುಬಿಡುತ್ತದೆ.

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ೧೯೭೭ರ ‘ಘಟಶ್ರಾದ್ಧ’, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣವಿಲ್ಲದೆಯೇ ಶ್ರಾದ್ಧವನ್ನು ತೋರಿಸುತ್ತದೆ: ಗರ್ಭವತಿಯಾದ ವಿಧವೆಗೆ, ಅವಳು ಉಸಿರಾಡುತ್ತಿರುವಾಗಲೇ, ಹೆತ್ತ ತಂದೆಯೇ ಮಡಕೆಯೊಡೆದು ಉತ್ತರಕ್ರಿಯೆ ನಡೆಸುತ್ತಾನೆ. ಅವಳಿಗಾಗಿ ದುಃಖಿಸುವವನು ಪಾಠಶಾಲೆಯ ಪುಟ್ಟ ಹುಡುಗನೊಬ್ಬ ಮಾತ್ರ; ಗೆರೆಯನ್ನು ದಾಟುವ ಧೈರ್ಯ ಗೆರೆಯ ಅರಿವು ಇನ್ನೂ ಬಲಿಯದವನಿಗೇ ಇರುತ್ತದೆಂಬಂತೆ.

ಇಷ್ಟು ಹೇಳುವಾಗ ನನ್ನ ಗಮನಕ್ಕೆ ಬಂದ ಒಂದು ಸಂಗತಿಯನ್ನು ಮುಚ್ಚಿಡಲಾರೆ. ತುಂಗೆಯ ತೀರ, ಮಲೆನಾಡಿನ ಅಗ್ರಹಾರ, ಕರಾವಳಿಯ ಗುಡಿಸಲು: ನಮ್ಮ ಶ್ರೇಷ್ಠ ದುರಂತ ಚಿತ್ರಗಳೆಲ್ಲ ಮಳೆ ಹೆಚ್ಚು ಬೀಳುವ ಕಡೆಯವು. ಕಪ್ಪು ಎರೆಯ, ಜೋಳದ, ಕಬ್ಬಿನ, ಮಗ್ಗದ ಈ ಸೀಮೆಯು ದುರಂತಗಳಲ್ಲಿ ಯಾರಿಗೂ ಕಡಿಮೆಯಾದುದಲ್ಲವಾದರೂ ತೆರೆಯ ಮೇಲೆ ಅದು ಬಹುಮಟ್ಟಿಗೆ ಗೈರುಹಾಜರಾಗಿಯೇ ಉಳಿದಿದೆ. ನಮ್ಮ ಮಾತನ್ನು ನಗಿಸುವುದಕ್ಕೆ ಬಳಸಿಕೊಂಡಷ್ಟು ನಮ್ಮ ಅಳುವನ್ನು ಚಿತ್ರರಂಗ ಬಳಸಿಕೊಂಡಿಲ್ಲ.

ಮುಳುಗಡೆಯನ್ನೇ ತೆಗೆದುಕೊಳ್ಳೋಣ. ೨೦೦೨ರಲ್ಲಿ ನಾ. ಡಿಸೋಜರ ಕಾದಂಬರಿಯಿಂದ ಕಾಸರವಳ್ಳಿಯವರು ‘ದ್ವೀಪ’ವನ್ನು ಮಾಡಿದರು, ಸೌಂದರ್ಯ ಅವರೇ ನಿರ್ಮಿಸಿ ನಾಗಿಯ ಪಾತ್ರವನ್ನು ಧರಿಸಿದರು. ಅಣೆಕಟ್ಟಿನ ನೀರು ಏರುತ್ತದೆ. ಸೀತಾಪರ್ವತದ ಪೂಜೆಯನ್ನು ಬಿಡಲಾರದ ಒಂದು ಮನೆ ಅಲ್ಲಿಯೇ ಉಳಿಯುತ್ತದೆ. ನೆಲ ಬಿಡದ ಮುದುಕ ದುಗ್ಗಜ್ಜನಾಗಿ ನಟಿಸಿದವರು, ಅದೇ ಹಿಂದೆ ನೆಲ ಸಿಕ್ಕದ ಚೋಮನಾಗಿದ್ದ ವಾಸುದೇವರಾಯರು. ಬೆಟ್ಟವನ್ನು ಕಾದದ್ದು ನಾಗಿಯ ಎರಡು ಕೈಗಳಾದರೂ, ಗಂಡನು ಅದೆಲ್ಲವನ್ನೂ ದೈವದ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಶ್ರದ್ಧೆಯೆಂಬುದು ಒಂದೇ ಮನೆಯೊಳಗೂ ಹೇಗೆ ಗೆರೆ ಎಳೆಯಬಲ್ಲುದೆಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಚಿತ್ರ ಅಪರೂಪ.

ಆದರೆ ಬೀಳಗಿ ತಾಲ್ಲೂಕಿನವರು ಆ ಚಿತ್ರವನ್ನು ನೋಡಿ ಎದ್ದುಬರುವಾಗ, ಇದು ನಮ್ಮ ಕಥೆಯ ಒಂದು ಬದಿ ಮಾತ್ರವೆಂದು ಅಂದುಕೊಂಡರೆ ಆಶ್ಚರ್ಯವಿಲ್ಲ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ೫೧೯.೬೦ ಮೀಟರಿಗೆ ನಿಂತಾಗ ಕೃಷ್ಣಾ, ಘಟಪ್ರಭೆಗಳ ದಂಡೆಯ ಊರುಗಳು ಊರುಗಳಾಗಿಯೇ ಎದ್ದುಹೋದವು, ಅದನ್ನು ೫೨೪.೨೫೬ ಮೀಟರಿಗೆ ಏರಿಸುವ ಮಾತು ಇನ್ನೂ ಮುಗಿದಿಲ್ಲ. ನಮ್ಮ ಮುಳುಗಡೆಯಲ್ಲಿ ಒಂದು ಮನೆ ಉಳಿದುಕೊಳ್ಳುವ ಕಥೆಗಿಂತ, ಇಡೀ ಊರು ಪುನರ್ವಸತಿ ಕೇಂದ್ರಕ್ಕೆ ನಡೆದುಹೋಗುವ ಕಥೆಯೇ ದೊಡ್ಡದು. ಹಳೆಯ ಊರಿನಲ್ಲಿ ಗುಡಿಯೊಂದು ಕಡೆ, ಮಸೂತಿಯೊಂದು ಕಡೆ, ಕೇರಿಯೊಂದು ಕಡೆ ನೂರಾರು ವರುಷ ಕುಳಿತಿದ್ದವು. ಹೊಸ ಊರಿನಲ್ಲಿ ಎಲ್ಲವೂ ನಕ್ಷೆಯ ಮೇಲಿನ ಚೌಕಗಳು. ಯಾರ ನಿವೇಶನದ ಪಕ್ಕಕ್ಕೆ ಯಾರದು, ಗ್ರಾಮದೇವತೆಯನ್ನು ಯಾವ ಮೂಲೆಯಲ್ಲಿ ಕೂರಿಸುವುದು, ಪರಿಹಾರದ ಹಣ ಅಣ್ಣನಿಗೆಷ್ಟು ತಮ್ಮನಿಗೆಷ್ಟು, ಹಿನ್ನೀರಿನ ಕೆಳಗೆ ಹೋದ ಗೋರಿಗಳಿಗೆ ವರುಷಕ್ಕೊಮ್ಮೆ ಎಡೆಯಿಡುವುದೆಲ್ಲಿ: ಇವು ದುರಂತ ಚಿತ್ರಕ್ಕೆ ತಕ್ಕ ಪ್ರಶ್ನೆಗಳು. ಮುಳುಗಿದ ಗುಡಿಯ ಶಿಖರವನ್ನು ದೂರದಿಂದ ಚಂದವಾಗಿ ತೋರಿಸಿಬಿಟ್ಟರೆ ಸಾಲದು. ಎದುರು ಬದಿಯಲ್ಲಿ, ಇದೇ ಕೃಷ್ಣೆಗೆ ಜಮಖಂಡಿಯ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸ್ವಂತ ಹಣ, ಸ್ವಂತ ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜನ್ನು ಕಟ್ಟಿ ೧೯೮೯ರಲ್ಲಿ ಮುಗಿಸಿದರು. ಒಂದೇ ನದಿ ಒಂದು ಕಡೆ ಊರನ್ನು ಕೂಡಿಸಿ ಇನ್ನೊಂದು ಕಡೆ ಒಡೆದದ್ದನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಕಥೆಗಾರನಿಗೆ ಸಾಮಗ್ರಿಯ ಕೊರತೆಯಾಗದು.

ಸಮುದಾಯವು ದುರಂತದ ಎದುರಿಗೆ ಒಡೆಯುತ್ತದೆಯೆಂಬುದೇ ಪೂರ್ಣಸತ್ಯವಾಗಿದ್ದರೆ ಈ ಉಪನ್ಯಾಸಕ್ಕೆ ರನ್ನನ ಅಗತ್ಯವಿರಲಿಲ್ಲ. ನಮ್ಮ ಹಳ್ಳಿಗಳ ಮೊಹರಮ್ಮನ್ನು ನೋಡಿರಿ. ೬೮೦ರಲ್ಲಿ ಕರ್ಬಲೆಯ ಮರುಭೂಮಿಯಲ್ಲಿ ನೀರಿಲ್ಲದೆ ಮಡಿದವರ ಶೋಕವನ್ನು, ಅಲಾವಿಯ ಕುಣಿ ತೋಡಿ, ಪಂಜಾಗಳನ್ನು ಕೂರಿಸಿ, ಹೆಜ್ಜೆಮೇಳ ಕಟ್ಟಿ, ಕನ್ನಡದ ರಿವಾಯತ ಪದಗಳಲ್ಲಿ ಹಾಡುವವರಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಬೇಡರಿದ್ದಾರೆ, ಮಾದಿಗರಿದ್ದಾರೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಅಲಾವಿ ದೇವರು ಏಳುತ್ತಾರೆ. ಹಸನ-ಹುಸೇನರ ತಾಯಿಯ ಅಳು ನಮ್ಮ ಹೆಣ್ಣುಮಕ್ಕಳ ಸೋಬಾನೆಯ ಧಾಟಿಯ ಪಕ್ಕದಲ್ಲಿಯೇ ಬದುಕಿಕೊಂಡಿದೆ. ಗೆದ್ದ ಆಥೆನ್ಸಿನವರು ಪಾರಸಿಕರಿಗಾಗಿ ಅತ್ತದ್ದು ಒಂದು ದಿನ. ಇಲ್ಲಿ ಅನ್ಯರ ಶೋಕವನ್ನು ವರುಷ ವರುಷವೂ ಊರು ಹೊತ್ತು ನಡೆಯುತ್ತದೆ. ಇದನ್ನು ಭಾವೈಕ್ಯವೆಂಬ ಫಲಕದ ಕೆಳಗೆ ನಿಲ್ಲಿಸಿ ಹಾರ ಹಾಕಿಸುವ ಚಿತ್ರಗಳು ನನಗೆ ರುಚಿಸವು. ಕುಣಿಯ ಹತ್ತಿರದವರೆಗೆ ಬರಬಹುದಾದವರಾರು, ಪಂಜಾ ಹಿಡಿಯಬಹುದಾದವರಾರು ಎಂಬ ಕಟ್ಟುಪಾಡುಗಳು ಅಲ್ಲಿಯೂ ಉಂಟು. ಅವನ್ನೂ ಕೂಡಿಸಿಕೊಂಡು ನೋಡುವ ಕಣ್ಣು ಬೇಕಾಗಿದೆ.

ಅಂಥ ಕಣ್ಣು ೨೦೦೮ರ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿದೆ. ವೈದೇಹಿಯವರ ಸಣ್ಣಕಥೆಯನ್ನು ಕಾಸರವಳ್ಳಿಯವರು ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದು, ಕರಾವಳಿಯ ಮೀನುಗಾರರ ನಡುವೆ ಒಬ್ಬಂಟಿಯಾಗಿ ಬಾಳುವ ಮುಸಲ್ಮಾನ ಸೂಲಗಿತ್ತಿ ಗುಲಾಬಿಯನ್ನು ನಿಲ್ಲಿಸಿದರು. ಹೆರಿಗೆ ಮಾಡಿಸಿದ್ದಕ್ಕೆ ಬಂದ ದೂರದರ್ಶನದ ಪೆಟ್ಟಿಗೆ ಅವಳ ಗುಡಿಸಲಿಗೆ ಊರಿನ ಹೆಂಗಸರನ್ನು ತರುತ್ತದೆ; ದೊಡ್ಡ ದೋಣಿ, ಸಣ್ಣ ದೋಣಿಗಳವರ ಹೊಟ್ಟೆಪಾಡಿನ ಜಗಳ ಮೆಲ್ಲಮೆಲ್ಲನೆ ಧರ್ಮದ ಹೆಸರು ಪಡೆದಾಗ ಅದೇ ಊರು ಅವಳನ್ನು ಹೊರಡಿಸುತ್ತದೆ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದ ಕೈಗಳವು. ಗುಲಾಬಿಯಾಗಿ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರು ೨೦೧೩ರಲ್ಲಿ ರಬಕವಿ-ಬನಹಟ್ಟಿಗಳನ್ನೊಳಗೊಂಡ ತೇರದಾಳ ಕ್ಷೇತ್ರದಿಂದಲೇ ವಿಧಾನಸಭೆಗೆ ಆರಿಸಿ ಬಂದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವರೂ ಆದರೆಂಬುದು ತಮಗೆ ಗೊತ್ತಿದೆ. ಅವರ ಚುನಾವಣಾ ಪ್ರಚಾರದ ಸಭೆಗಳನ್ನು ಕಂಡ ಈ ಸೀಮೆಯವರು ಗುಲಾಬಿಯನ್ನೂ ಅಷ್ಟೇ ಸಂಖ್ಯೆಯಲ್ಲಿ ಕಂಡಿದ್ದರೆ ಚೆನ್ನಾಗಿತ್ತೆಂದು ನನ್ನ ಒಂದು ಸಣ್ಣ ಕೊರಗು.

ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥೆಯಿಂದ ೨೦೦೪ರಲ್ಲಿ ಬಂದ ‘ಹಸೀನಾ’ದಲ್ಲಿ ಗೆರೆಯು ಮಸೂತಿಯ ಅಂಗಳದೊಳಗೇ ಇದೆ: ಗಂಡ ಬಿಟ್ಟ ಹೆಣ್ಣು ಮಕ್ಕಳೊಡನೆ ಬಾಗಿಲಲ್ಲಿ ಕುಳಿತು ಕೇಳುವ ನ್ಯಾಯಕ್ಕೆ ಮುತವಲ್ಲಿ ಕಿವಿಗೊಡುವುದಿಲ್ಲ. ಮೈಸೂರಿನವರಾದ ಎಂ.ಎಸ್. ಸತ್ಯು ಅವರಂತೂ ದೇಶವಿಭಜನೆಯ ‘ಗರಂ ಹವಾ’ದಿಂದ ಹಿಡಿದು, ಬೀದರದ ಬರಗಾಲವನ್ನೂ ಗಲಭೆಯನ್ನೂ ಹೆಣೆದ ೧೯೮೨ರ ‘ಬರ’ದವರೆಗೆ ಈ ವಿಷಯವನ್ನು ಬಿಡಲೇ ಇಲ್ಲ. ‘ಗರಂ ಹವಾ’ದಲ್ಲಿ ಹವೇಲಿಯನ್ನು ಕಳೆದುಕೊಂಡ ಮುದುಕಿಯನ್ನು, ಪ್ರಾಣ ಹೋಗಲೊಲ್ಲದೆ ಒದ್ದಾಡುವಾಗ, ಪಾಲಕಿಯಲ್ಲಿ ಹೊತ್ತು ಹಳೆಯ ಮನೆಗೆ ತಂದಿಳಿಸುತ್ತಾರೆ, ಹೊಸ ಯಜಮಾನ ಬಾಗಿಲನ್ನು ತೆರೆದುಕೊಡುತ್ತಾನೆ.

ರಬಕವಿ-ಬನಹಟ್ಟಿಯವರಿಗಾಗಿ ಒಂದು ಚಿತ್ರವನ್ನು ಬೇರೆಯಾಗಿ ಹೇಳಬೇಕು. ಅದು ಕನ್ನಡದ್ದಲ್ಲವಾದರೂ ಅದರ ನಾಯಕ ನಮ್ಮ ಪ್ರಕಾಶ್ ರಾಜ್. ಪ್ರಿಯದರ್ಶನ್ ಅವರ ತಮಿಳಿನ ‘ಕಾಂಚೀವರಂ’ ಚಿತ್ರದ ನೇಕಾರನು, ಮಗಳ ಮದುವೆಗೆ ರೇಷ್ಮೆಯ ಸೀರೆ ಕೊಡುತ್ತೇನೆಂದು ಊರ ಮುಂದೆ ಆಡಿದ ಮಾತಿಗಾಗಿ, ಧಣಿಯ ಮಗ್ಗದಿಂದ ದಿನಕ್ಕಿಷ್ಟು ಎಳೆಗಳನ್ನು ಬಾಯಲ್ಲಿ ಅಡಗಿಸಿಕೊಂಡು ಮನೆಗೆ ಒಯ್ಯುತ್ತಾನೆ. ಬಾಯಿ ತುಂಬ ರೇಷ್ಮೆ ಇರುವಾಗ ಮಾತಾಡುವಂತಿಲ್ಲ. ಸಂಘದ ಮುಂದಾಳಾಗಿ ಊರಿಗೆಲ್ಲ ಮಾತು ಕಲಿಸಿದವನ ಬಾಯಿಯದು. ಕಡೆಗೆ ಅರ್ಧ ನೇಯ್ದ ಆ ಬಟ್ಟೆಯನ್ನು ಮಗಳ ಹೆಣಕ್ಕೆ ಹೊದಿಸಹೋದರೆ, ಮುಖ ಮುಚ್ಚಿದರೆ ಕಾಲಿಗೆ ಸಾಲದು, ಕಾಲು ಮುಚ್ಚಿದರೆ ಮುಖಕ್ಕೆ ಸಾಲದು. ತಾವು ನೂಲಿನ ಲೆಕ್ಕ ಬಲ್ಲವರು. ಎಷ್ಟು ಗಜಕ್ಕೆ ಅವನ ಕಳ್ಳತನ ನಿಂತಿತೆಂದು ತೆರೆಯ ಮೇಲೆ ನೋಡಿದ ಕೂಡಲೆ ಹೇಳಬಲ್ಲಿರಿ. ಮಾಲಕರು ಕೊಟ್ಟ ಬೀಮನ್ನು ಮನೆಯ ಮಗ್ಗಕ್ಕೇರಿಸಿ, ಸೀರೆಗಿಷ್ಟೆಂದು ಮಜೂರಿ ಪಡೆದು, ಹೆಂಡತಿ ಮಕ್ಕಳೆಲ್ಲ ದುಡಿದರೂ ಸಾಲದಿಂದ ಮೇಲೇಳಲಾರದೆ ಪ್ರಾಣವನ್ನೇ ಕಳೆದುಕೊಂಡ ನೇಕಾರರ ಸುದ್ದಿ ಈ ಅವಳಿ ಊರುಗಳಿಂದ ಬಂದಾಗ, ಪತ್ರಿಕೆಯಲ್ಲಿ ಅದು ನಾಲ್ಕು ಸಾಲಾಗಿ ಮುಗಿದುಹೋಗುತ್ತದೆ. ಅದರ ಹಿಂದಿನ ಕೇರಿಯ ಸಂಬಂಧಗಳು, ಒಂದೇ ಗುಡಿಯಲ್ಲಿ ಮಾಲಕನೂ ಕೂಲಿಯವನೂ ಕೈಮುಗಿಯುವ ಬಿಗುವು, ಇವುಗಳಿಗೆ ಇನ್ನೂ ಚಿತ್ರವಾಗುವ ಯೋಗ ಬಂದಿಲ್ಲ.

ಕಡೆಯದಾಗಿ ಹಲಗಲಿ. ಇಲ್ಲಿಂದ ಕೂಗಳತೆಯ ಮಾತೆಂಬಂತೆ ನಾವು ಆ ಹೆಸರನ್ನು ಹೇಳುತ್ತೇವೆ. ೧೮೫೭ರಲ್ಲಿ ಆಯುಧಗಳನ್ನೊಪ್ಪಿಸಬೇಕೆಂಬ ಕಾನೂನಿಗೆ ಆ ಊರಿನ ಬೇಡರು ಒಪ್ಪಲಿಲ್ಲ. ಬೇಟೆಯವನ ಮನೆಯಲ್ಲಿ ಆಯುಧವು ಅನ್ನವೂ ಹೌದು, ದೇವರೂ ಹೌದು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ೧೩ ಮಂದಿಯನ್ನು ಡಿಸೆಂಬರ್ ೧೧ರಂದು ಮುಧೋಳದಲ್ಲಿಯೂ, ೬ ಮಂದಿಯನ್ನು ೧೪ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಕಥೆಯನ್ನು ಹಾಡುವ ಲಾವಣಿಯನ್ನು ನಮಗೆ ಉಳಿಸಿಕೊಟ್ಟವನು, ವಿಚಿತ್ರವೆಂದರೆ, ಆಳಿದವರ ಕಡೆಯ ಅಧಿಕಾರಿಯೇ ಆದ ಜಾನ್ ಫೇತ್‌ಫುಲ್ ಫ್ಲೀಟ್. ಆ ಬೇಡರಲ್ಲಿ ಜಡಗ, ಬಾಲ, ಹನುಮ, ರಾಮರ ಶೌರ್ಯವನ್ನು ಹಾಡಿದ ಮೇಲೆ ಲಾವಣಿಕಾರನು ಸುಲಿಗೆಗೆ ಹೋದ ಸಾಮಾನುಗಳ ಪಟ್ಟಿಗಿಳಿಯುತ್ತಾನೆ: ಹಾಲು ಮೊಸರು, ಉಪ್ಪು, ಅರಿಸಿನ, ಕೊಡಲಿ, ಕುಡ, ಬೀಸುವ ಕಲ್ಲು, ಹೆಣ್ಣಿನ ಕೊರಳ ತಾಳಿ. ಊರೆಂದರೇನೆಂಬುದು ಆ ಪಟ್ಟಿಯಲ್ಲಿದೆ. ಕೈಗೆ ಕತ್ತಿ ಕೊಟ್ಟು ನಾಯಕನೊಬ್ಬನನ್ನು ಬೆಟ್ಟದ ಮೇಲೆ ನಿಲ್ಲಿಸುವ ಚಿತ್ರಕ್ಕೆ ಬೀಸುವ ಕಲ್ಲಿನ ನೆನಪು ಬರುವುದೋ ಇಲ್ಲವೋ ಎಂಬುದೇ ನನ್ನ ಆತಂಕ.

ಹಲಗಲಿಯನ್ನು ಇನ್ನು ಮುಂದೆ ತೆರೆಗೆ ತರುವವರು ದಂಡಿನ ಗೋರಾಗಳನ್ನು ಕ್ರೂರಿಗಳನ್ನಾಗಿ ತೋರಿಸುವರು. ಅದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು ಮುಧೋಳದಲ್ಲಿ. ಇದು ಘೋರ್ಪಡೆಯವರ ಸಂಸ್ಥಾನದ ರಾಜಧಾನಿ. ಆ ಕಾನೂನು ಹಲಗಲಿಗೆ ಹೋದದ್ದು ಈ ಸಂಸ್ಥಾನದ ಮೂಲಕವೇ. ಡಿಸೆಂಬರ್ ೧೧ರಂದು ಈ ಪೇಟೆಯಲ್ಲಿ ಅಂಗಡಿ ತೆರೆದವರಿದ್ದರು, ಗುಡಿಯಲ್ಲಿ ದೀಪ ಹಚ್ಚಿದವರಿದ್ದರು, ಹಲಗಲಿಯಿಂದ ಹೆಣ್ಣು ತಂದುಕೊಂಡವರೂ ಇದ್ದಿರಬೇಕು. ಆ ೧೩ ಹೆಣಗಳ ಬಳಿಗೆ ಇವರಲ್ಲಿ ಯಾರು ಹೋದರು, ಯಾರು ಬಾಗಿಲು ಹಾಕಿಕೊಂಡರು, ಯಾರು ಯಾವ ಹೆಸರು ಹೇಳಿಕೊಂಡು ಸುಮ್ಮನಿದ್ದರು ಎಂಬುದನ್ನು ಕಲ್ಪಿಸಿಕೊಳ್ಳುವ ಎದೆಗಾರಿಕೆ ಕಥೆಗಾರನಿಗೆ ಬರಬೇಕಾದರೆ, ಅವನು ಹಲಗಲಿಯ ಬಯಲಿನಲ್ಲಿ ಎಷ್ಟು ದಿನ ಕ್ಯಾಮೆರಾ ಇಟ್ಟನೋ ಅಷ್ಟೇ ದಿನ ಮುಧೋಳದ ಪೇಟೆಯಲ್ಲಿಯೂ ಇಡಬೇಕಾಗುತ್ತದೆ.